ಶಾಮಿಯಾನ ಬಿಚ್ಚಿದ ಸಂಜೆ

ದುರ್ಗಿಗುಡಿ, ಶಿವಮೊಗ್ಗ
12 ನವೆಂಬರ್ 2024

ಪ್ರೀತಿಯ ವಿಮಲಾ,

ಭದ್ರಾವತಿಯೇನು ಕಾಶಿಯೇ, ಬಸ್ಸು ಹತ್ತಿದರೆ ಮುಗಿಯಿತು, ಇವಳು ಕಾಗದ ಬರೆಯುತ್ತಾ ಕೂತಿದ್ದಾಳಲ್ಲ ಅಂತ ಬೈಯಬೇಡ. ನಿನ್ನ ಮುಖ ನೋಡಿದರೆ ಅಳು ಬರುತ್ತದೆ, ಫೋನು ಹಿಡಿದರೆ ಬೇರೇನೋ ಮಾತಾಡಿ ಇಟ್ಟುಬಿಡುತ್ತೇನೆ. ನನ್ನ ಆನಂದನ ತಿಥಿಯ ದಿನ ನೀನು ತಂದ ಚಟ್ನಿಪುಡಿಯ ಡಬ್ಬಿಯೂ ಇಲ್ಲೇ ಇದೆ. ಖಾಲಿ ಕಳಿಸಬಾರದು, ತುಂಬಿ ಕಳಿಸೋಣವೆಂದರೆ ಏನೂ ಮಾಡುವ ಮನಸ್ಸಿಲ್ಲ. ತಡವಾದದ್ದಕ್ಕೆ ಕ್ಷಮಿಸು ಮಾರಾಯ್ತಿ.

ಅವತ್ತು ಜನರ ಮಧ್ಯೆ ಹೇಳಲಾಗದೆ ಉಳಿದದ್ದನ್ನು ಈಗ ಬರೆಯುತ್ತೇನೆ. ಗಾಂಧಿ ಬಜಾರಿನ ಅಂಗಡಿಯಲ್ಲಿ ಮೊಬೈಲು ರಿಪೇರಿ ಮಾಡುತ್ತಾ ಕೂತಿದ್ದ ನನ್ನ ಮಗನಿಗೆ ಯಾರೋ ಚಾಕು ಹಾಕಿದರೆಂದು ಪಕ್ಕದ ಮನೆಯ ತುಂಗಮ್ಮ ಓಡಿ ಬಂದು ಹೇಳಿದಳು. ಆಸ್ಪತ್ರೆ ಮುಟ್ಟುವ ಮುಂಚೆಯೇ ಜೀವ ಹೋಗಿತ್ತು. ಹಾಕಿದವನು ಮುಖಕ್ಕೆ ಬಟ್ಟೆ ಕಟ್ಟಿದ್ದನಂತೆ, ಒಂದು ಬ್ಯಾಗು ಬಿಟ್ಟು ಓಡಿದನಂತೆ, ಅದರಲ್ಲಿ ಬಾಂಬಿದೆ ಅಂತ ಗುಲ್ಲು. ‘ಉಗ್ರರ ಕೃತ್ಯವೇ?’ ಅಂತ ಟಿವಿಯಲ್ಲಿ ಕೆಂಪಕ್ಷರ. ಬಜಾರಿನ ಶಟರುಗಳೆಲ್ಲ ಇಳಿದವು. ಹೆಣ ಬಿಡಿಸಿಕೊಳ್ಳಲು ನನ್ನ ಮೈದುನ ಆಸ್ಪತ್ರೆಯಲ್ಲಿ ನಿಂತ. ಇಲ್ಲಿ ನಮ್ಮ ಬೀದಿಗೆ ಶಾಮಿಯಾನ ಬಂತು, ಕುರ್ಚಿ ಬಂತು, ಪಾರ್ಟಿಯ ಬಿಳಿ ಅಂಗಿಯವರು ಬಂದರು. ಅವರ ಮುಂದಾಳು ಪ್ರಸನ್ನಕುಮಾರ್ ನನ್ನ ಪಕ್ಕ ನೆಲದ ಮೇಲೇ ಕೂತು, “ಅಮ್ಮಾ, ಇವ್ನು ಬರೀ ನಿಮ್ಮ ಮಗ ಅಲ್ಲ, ಊರಿನ ಮಗ. ಮೊದ್ಲೇ ಯಾಕೆ ತಡೀಲಿಲ್ಲ ಅಂತ ಸರ್ಕಾರಾನ ಕೇಳ್ತೀವಿ, ಬಿಡಲ್ಲ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ಅಳು ಅಂತ ನಾನು ಹೇಳುವುದಿಲ್ಲ. ಆ ಹೊತ್ತಿಗೆ ನನಗೂ ಒಂದಿಷ್ಟು ಧೈರ್ಯ ಬಂತು.

ಸಂಜೆ ಕೊಲೆಗಾರ ಸಿಕ್ಕ. ನಮ್ಮ ಹಿಂದಿನ ಬೀದಿಯ ಪರಶುರಾಮ! ಅಂಗಡಿ ಬಾಗಿಲಿಗೆ ಅಡ್ಡವಾಗಿ ಬೈಕು ನಿಲ್ಲಿಸಬೇಡ ಅಂತ ಆನಂದ ಅಂದದ್ದಕ್ಕೆ ಶುರುವಾಗಿದ್ದ ಜಗಳ. ಆ ಬ್ಯಾಗಿನಲ್ಲಿದ್ದದ್ದು ಅವನ ಊಟದ ಡಬ್ಬಿ. ಪ್ರಸನ್ನಕುಮಾರ್ ಫೋನು ಕಿವಿಯಿಂದ ತೆಗೆದು, “ಓ, ಪರ್ಸನಲ್ ಮ್ಯಾಟರಾ? ಅಷ್ಟೇನಾ?” ಎಂದರು. ನನ್ನ ಮಗ ಸತ್ತದ್ದು ಅಷ್ಟೇ ಆಯಿತು, ವಿಮಲಾ.

ಪರಶುರಾಮ “ನಿನ್ನ ಮುಗಿಸ್ತೀನಿ” ಅಂದಾಗಲೇ ಆನಂದ ಠಾಣೆಗೆ ಹೋಗಿದ್ದ. ಕೂತು ಮಾತಾಡಿ ಸರಿ ಮಾಡಿಕೊಳ್ಳಿ ಅಂತ ವಾಪಸು ಕಳಿಸಿದ್ದರು. ನಮ್ಮ ಯಜಮಾನರು ಅದನ್ನು ಹೇಳಿ, “ಇದನ್ನೂ ಯಾಕೆ ತಡೀಲಿಲ್ಲ ಅಂತ ಕೇಳಿ ಸ್ವಾಮಿ” ಎಂದರು. “ಜಯಪ್ಪನೋರೇ, ಇಂಥದ್ನೆಲ್ಲ ಯಾರಿಗೆ ತಡೆಯೋಕಾಗುತ್ತೆ?” ಅಂದುಬಿಟ್ಟರು ಆ ಮನುಷ್ಯ. ಒಬ್ಬೊಬ್ಬರೇ ಎದ್ದು ಹೋದರು. ಹೆಣ ಮನೆಗೆ ಬರುವ ಮುಂಚೆ ಶಾಮಿಯಾನದವರು ಹಗ್ಗ ಬಿಚ್ಚತೊಡಗಿದರು. “ತರ್ಸಿದೋರೇ ತೆಗೀರಿ ಅಂದ್ರು, ನಾವೇನ್ ಮಾಡೋಣಮ್ಮ” ಎಂದರು ಪಾಪ.

ಮಧ್ಯಾಹ್ನ ಸರ್ಕಾರಕ್ಕೆ ಹಾಕುತ್ತಿದ್ದ ಪ್ರಶ್ನೆ ಸಂಜೆಗೆ ನಮ್ಮ ಕಡೆ ತಿರುಗಿತು. “ಒಂದು ಬೈಕಿಗೋಸ್ಕರ ನಿನ್ನ ಮಗ ಯಾಕೆ ಎದುರು ಮಾತಾಡ್ದ ವಿಶಾಲಮ್ಮ?” ಅಂತ ತುಂಗಮ್ಮನೂ ಕೇಳಿದಳು. ಬಜಾರಿನಲ್ಲಿ ಈಗಲೂ ಪೊಲೀಸರು ಬ್ಯಾಗು ತೆಗೆಸಿ ನೋಡುತ್ತಾರೆ. ಬೈಕುಗಳು ಮಾತ್ರ ಆ ಅಂಗಡಿ ಬಾಗಿಲಿಗೇ ಅಡ್ಡ ನಿಲ್ಲುತ್ತವೆ.

ನಿನ್ನ ಮಗಳು ಮೇಧಾ ಬಾಣಂತನಕ್ಕೆ ಬಂದಿದ್ದಾಳಂತೆ. ತಾಯಿ, ಮಗು ಇಬ್ಬರೂ ತಣ್ಣಗಿರಲಿ. ಮಗನನ್ನು ಕಳೆದುಕೊಂಡವಳ ಹಾರೈಕೆ ಅಂತ ತಳ್ಳಬೇಡ, ಆ ಕೂಸು ತುಂಬಾ ವರ್ಷ ಬಾಳಲಿ.

ನಿನ್ನ
ವಿಶಾಲು

ತಾ.ಕ.: ಒಂದು ಮಾತು ಮರೆತಿದ್ದೆ. ಮರೆತಿದ್ದೆ ಅನ್ನುವುದು ಸುಳ್ಳು. ಪ್ರಸನ್ನಕುಮಾರ್ ಎದ್ದು ಹೊರಟಾಗ ನಾನು ಅವರ ಕೈ ಹಿಡಿದುಕೊಂಡೆ. “ಇನ್ನೊಂದ್ಸಲ ವಿಚಾರಿಸಿ ಅಣ್ಣಾ, ಉಗ್ರರೇ ಮಾಡಿರ್ತಾರೆ” ಅಂತ ಬೇಡಿಕೊಂಡೆ. ಅವರು ಮೆಲ್ಲಗೆ ಕೈ ಬಿಡಿಸಿಕೊಂಡು ಹೋದರು. ಅಲ್ಲಿಯವರೆಗೆ, ನನ್ನ ಮಗನಿಗೆ ಗಾಯ ಎಲ್ಲಾಗಿತ್ತು ಅಂತ ಕೂಡ ನಾನು ಯಾರನ್ನೂ ಕೇಳಿರಲಿಲ್ಲ.