ಗಾಜಿನ ಪೆಟ್ಟಿಗೆಯಲ್ಲಿರುವುದು ಎಲೆ

ವಸ್ತುಸಂಗ್ರಹಾಲಯದ ಮುಖ್ಯಾಧಿಕಾರಿಗಳೇ,

ನಮ್ಮ ದೊಡ್ಡಮ್ಮ ಪ್ರದರ್ಶನಕ್ಕೆಂದು ನಂಬಿ ಕೊಟ್ಟ ಚಿಟ್ಟೆಯ ಜಾಗದಲ್ಲಿ ತಾವು ಒಂದು ಒಣಗಿದ ಎಲೆಯನ್ನು ಸೂಜಿ ಚುಚ್ಚಿ ನಿಲ್ಲಿಸಿದ್ದೀರಿ. ಸಾರ್ವಜನಿಕರು ಸಾಲುಗಟ್ಟಿ ನಿಂತು ಅದಕ್ಕೆ ಬೆರಗಾಗುತ್ತಿದ್ದಾರೆ. ಮುಖತಃ ಹೇಳಿ ಸೋತ ಮೇಲೆ ಹೀಗೆ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ದೊಡ್ಡಮ್ಮ ಕೊಟ್ಟದ್ದು ಉಷ್ಣವಲಯದ ಕಾಡಿನ ಎಲೆಚಿಟ್ಟೆ. ರೆಕ್ಕೆ ಬಿಚ್ಚಿದರೆ ನೀಲಿ, ನಡುವೆ ಕಿತ್ತಳೆ ಪಟ್ಟಿ. ಮುಚ್ಚಿದರೆ ನರ, ತೊಟ್ಟು ಸಮೇತ ತರಗೆಲೆ. ದೊಡ್ಡಮ್ಮನ ಬಳಿಯಿದ್ದದ್ದು ರೆಕ್ಕೆ ಮುಚ್ಚಿದ್ದು. ಅದನ್ನು ಬಿಸಿಲು ತಾಗದ ಬೀರುವಿನಲ್ಲಿಟ್ಟು, ತೇವ ಸೋಕದಂತೆ, ಇರುವೆ ಮುಟ್ಟದಂತೆ ಕಾಪಾಡಿದವರು ಅವರು. ನುಸಿಗುಳಿಗೆ ಬದಲಿಸಲು ಮುಚ್ಚಳ ತೆಗೆದರೆ ಮನೆಯಲ್ಲಿ ಯಾರಿಗೂ ಸೀನುವ ಸ್ವಾತಂತ್ರ್ಯವಿರಲಿಲ್ಲ. ನೆಗಡಿಯಾಗಿದ್ದರೆ ದೊಡ್ಡಪ್ಪ ತಾವಾಗಿಯೇ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋಗುತ್ತಿದ್ದರು.

ಹೋದ ವಾರ ದೊಡ್ಡಮ್ಮನನ್ನು ಕರೆದುಕೊಂಡು ಬಂದೆ. ಗಾಜಿಗೆ ಮೂಗು ತಾಗಿಸಿ ನೋಡಿ, “ಇದು ಎಲೆ ಕಣೋ” ಎಂದರು. ನೇರ ತಮ್ಮ ಕೊಠಡಿಗೆ ಬಂದೆವು. ತಾವು ನಕ್ಕಿರಿ. “ಎಲೆ ಅಂತ ನಿಮಗೆ ಅನ್ನಿಸ್ತಲ್ಲಮ್ಮ, ಅದೇ ಈ ಚಿಟ್ಟೆಯ ಹೆಚ್ಚುಗಾರಿಕೆ.”

“ಇದಕ್ಕೆ ಕಾಲೇ ಇಲ್ಲ,” ಎಂದರು ದೊಡ್ಡಮ್ಮ.

“ಅಷ್ಟು ಚೆನ್ನಾಗಿ ಬಚ್ಚಿಟ್ಕೊಂಡಿದೆ.”

“ಹುಳ ತಿಂದ ತೂತಿದೆ.”

“ನೋಡಿ, ಎಂಥಾ ನಟನೆ.”

ಸ್ವಾಮಿ, ಇಂಥ ವಾದಕ್ಕೆ ಎದುರಾಡುವುದು ಹೇಗೆ? ಅದು ಎಲೆಯೆನ್ನಲು ನಾವು ಕೊಟ್ಟ ಸಾಕ್ಷಿಯನ್ನೆಲ್ಲ ತಾವು ಚಿಟ್ಟೆಯ ಖಾತೆಗೇ ಜಮಾ ಮಾಡಿಕೊಂಡಿರಿ. ಈ ಲೆಕ್ಕದಲ್ಲಿ ಅಂಗಳದ ಮರವೆಲ್ಲ ಚಿಟ್ಟೆಗಳೇ ಇರಬೇಕು. ಅದರ ಬುಡ ಗುಡಿಸುವವರ ಮೇಲೆ ತಾವಿನ್ನೂ ಮೊಕದ್ದಮೆ ಹೂಡಿಲ್ಲವೇಕೆ?

ಅಷ್ಟರಲ್ಲಿ ದೊಡ್ಡಮ್ಮನ ಕಣ್ಣು ತಮ್ಮ ಮೇಜಿನ ಹೂದಾನಿಯ ಮೇಲೆ ಬಿತ್ತು. ಅಲಂಕಾರಕ್ಕಿಟ್ಟ ಒಣಕಡ್ಡಿಗಳ ನಡುವೆ ಒಂದು ಎಲೆ ಸಿಕ್ಕಿಸಿತ್ತು.

“ಎಲೆಗೆ ಮೀಸೆ ಇರುತ್ತೇನಪ್ಪ?” ಎಂದು ಕೇಳಿದರು.

ಎರಡು ಸಣ್ಣ ಮೀಸೆಗಳು ಫ್ಯಾನಿನ ಗಾಳಿಗೆ ನಡುಗುತ್ತಿದ್ದವು. ಬಾಗಿಲಲ್ಲಿ ನಿಂತಿದ್ದ ತಮ್ಮ ಜವಾನರು ತಲೆ ಕೆರೆದುಕೊಂಡರು. “ಪೆಟ್ಟಿಗೆ ಒರೆಸುವಾಗ ಉದುರಿಬಿತ್ತು. ಚೆನ್ನಾಗಿತ್ತು ಅಂತ ಸಾಹೇಬರ ಮೇಜಿಗಿಟ್ಟೆ. ಪೆಟ್ಟಿಗೆಗೆ ಬೇರೆ ಎಲೆ ತಂದು ಹಾಕಿದೆ.”

ಆಗ ತಾವು ಏನೆಂದಿರಿ? “ಅದು ಎಲೆ. ಕಚೇರಿಯ ಅಲಂಕಾರದ ಸಾಮಾನು. ಮುಟ್ಬೇಡಿ.”

ದೊಡ್ಡಮ್ಮ ಮುಟ್ಟಲಿಲ್ಲ. ಎದ್ದು ಫ್ಯಾನ್ ಆರಿಸಿದರು. ತಾವು ಹಾಕಿದಿರಿ. ಅವರು ಆರಿಸಿದರು. ತಾವು ಮತ್ತೆ ಹಾಕಿದಾಗ ಚೀಲದಿಂದ ಕೊಡೆ ತೆಗೆದು ಬಿಚ್ಚಿ, ಹೂದಾನಿಗೆ ಮರೆ ಹಿಡಿದು ಕುಳಿತುಬಿಟ್ಟರು. ಕಚೇರಿ ಮುಚ್ಚುವವರೆಗೂ ತಾವು ಕೊಡೆಯ ಆಚೆಯಿಂದಲೇ ಸಹಿ ಹಾಕಿದಿರಿ.

ಮನೆಗೆ ಬಂದ ಮೇಲೆ ಅವರು ಊಟಕ್ಕೇಳಲಿಲ್ಲ. “ಒಂದು ಕಾಲು ಮುರಿದಿದೆ ಕಣೋ. ನೀನು ನೋಡ್ಲಿಲ್ಲ” ಎಂದರು.

ನನ್ನ ಆಗ್ರಹ ಇಷ್ಟೇ: ಚಿಟ್ಟೆ ಪೆಟ್ಟಿಗೆಗೆ ಹೋಗಲಿ, ಎಲೆ ಹೂದಾನಿಗೆ ಬರಲಿ. ಅದಕ್ಕೂ ಮೇಲಿನವರ ಅನುಮತಿ ಬೇಕೆಂದರೆ, ಅದು ಬರುವ ತನಕ ತಾವು ಫ್ಯಾನ್ ಹಾಕದೆ ಸೆಕೆಯಲ್ಲಿ ಕೂರತಕ್ಕದ್ದು. ಸೋಮವಾರ ದೊಡ್ಡಮ್ಮ ಚಿಮಟ, ಅಂಟು ಹಿಡಿದು ಬರುತ್ತಾರೆ. ಮುರಿದ ಕಾಲು ತಮ್ಮ ಮೇಜಿನ ಮೇಲೇ ಎಲ್ಲೋ ಇದೆಯಂತೆ. ಅಲ್ಲಿಯವರೆಗೆ ಮೇಜು ಒರೆಸಬೇಡಿ, ಕಡತ ಕೊಡವಬೇಡಿ, ಬಿಸ್ಕತ್ತನ್ನು ತಿರುವಿ ನೋಡಿ ತಿನ್ನಿ.

ಇಂತಿ,
ತರಗೆಲೆ ತುಳಿಯಲೂ ಅಂಜುವಂತಾದ,
ದೊಡ್ಡಮ್ಮನ ತಂಗಿಯ ಮಗ