ರೆಮಿಯ ಹಸಿರು ಸ್ವೆಟರು

ವೆಜ್‌ಪೋರ್ಟ್, ನೋವಾ ಸ್ಕೋಷ
ಮಾರ್ಚ್ ೯

ಪ್ರೀತಿಯ ತಂಗಿ ಡೆಲ್ಫೀನ್‌ಗೆ,

ನಿನ್ನ ಅಕ್ಕ ಇನ್ನೂ ಬದುಕಿದ್ದಾಳೆ. ಕ್ರಿಸ್‌ಮಸ್‌ಗೆ ಬಂದ ಕಾಗದಕ್ಕೆ ಮಾರ್ಚಿನಲ್ಲಿ ಉತ್ತರ ಬರೆಯುವವಳು ಕ್ಷಮೆ ಕೇಳಲೂ ನಾಚಬೇಕು. ನಾಚಿದ್ದೇನೆ, ಮುಂದಕ್ಕೆ ಹೋಗೋಣ. ನಿನ್ನ ಮಂಡಿ ಹೇಗಿದೆ? ನನ್ನ ಎರಡು ಮಂಡಿಗಳು ಸರದಿಯ ಮೇಲೆ ಕೆಲಸಕ್ಕೆ ಬರುತ್ತಿವೆ.

ಇಲ್ಲಿ ನಾನು ಕಲಾವಿದೆಯಾಗಿದ್ದೇನೆ. ನಗಬೇಡ. ಚರ್ಚಿನ ನೆಲಮಾಳಿಗೆಯ ಹಳೇ ಸಾಮಾನಿನ ಅಂಗಡಿಯಿಂದ ಫೋಟೋ ಚೌಕಟ್ಟುಗಳನ್ನು ತರುತ್ತೇನೆ. ಒಳಗಿರುವ ಯಾರದೋ ಮದುವೆ, ಯಾರದೋ ಪದವಿ ಪ್ರದಾನ, ಒಬ್ಬರು ಹಳೆಯ ಬಿಷಪ್ಪರು, ಎಲ್ಲರನ್ನೂ ಗೌರವದಿಂದ ಹೊರಹಾಕಿ ಆ ಜಾಗದಲ್ಲಿ ಉಣ್ಣೆಯ ಕುರಿ, ಉಣ್ಣೆಯ ದೀಪಸ್ತಂಭಗಳನ್ನು ಪ್ರತಿಷ್ಠಾಪಿಸುತ್ತೇನೆ. ಹಳೇ ಸ್ವೆಟರನ್ನು ಕುದಿಯುವ ಸೋಪುನೀರಿಗೆ ಹಾಕಿ ತಿರುವಿದರೆ ಅದು ಕುಗ್ಗಿ ಕಂಬಳಿಯಂತೆ ಗಟ್ಟಿಯಾಗುತ್ತದೆ. ಅದನ್ನು ಕತ್ತರಿಸಿ, ಮೇಲೆ ಬಣ್ಣದ ಉಣ್ಣೆಯಿಟ್ಟು, ಮುಳ್ಳಿರುವ ಸೂಜಿಯಿಂದ ಸಾವಿರ ಸಲ ಚುಚ್ಚಬೇಕು. ಅದರಲ್ಲಿ ನೂರು ಸಲ ಬೆರಳಿಗೇ. ಮೊದಲ ಕುರಿಯನ್ನು ನೋಡಿ ನಿನ್ನ ಭಾವ ಅರ್ಮಾಂಡ್, "ಇದಕ್ಕೆ ಡಾಕ್ಟರನ್ನ ಕರೆಸ್ಬೇಕಾ, ಪಾದ್ರೀನ ಕರೆಸ್ಬೇಕಾ?" ಎಂದರು. ಎರಡು ದಿನ ಅವರಿಗೆ ತಂಗಳು ಆಲೂಗಡ್ಡೆ ರಾಪ್ಯೂರೇ ಗತಿಯಾಯಿತು.

ಜನವರಿಯಲ್ಲಿ ಸೊಸೆ ಕೊಲೆಟ್ ಬಂದಳು. ನಮ್ಮ ರೆಮಿ ಏಡಿ ಹಿಡಿಯಲು ಹೋದವನು ತಿರುಗಿ ಬಾರದೆ ಎರಡು ಚಳಿಗಾಲವಾಯಿತು. ದೋಣಿ ಸಿಕ್ಕಿತು, ಮಗ ಸಿಗಲಿಲ್ಲ. ಅವಳ ಕೈಯಲ್ಲಿ ಗಾಳಿಯಾಡದಂತೆ ಬಿಗಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ಅವನು ಕೊನೆಯ ವಾರ ಹಾಕಿಕೊಂಡಿದ್ದ ಹಸಿರು ಸ್ವೆಟರು. ಮೊಮ್ಮಗಳ ಕೋಣೆಗೆ ಇದರಲ್ಲೇ ಅಪ್ಪನ ದೋಣಿಯ ಚಿತ್ರ ಮಾಡಿಕೊಡಬೇಕು ಎಂದಳು. ಹೊರಟವಳು ಬಾಗಿಲಲ್ಲಿ ನಿಂತು, "ಅತ್ತೆ, ಇದನ್ನ ಮಾತ್ರ ತೊಳೀಬೇಡಿ. ಇನ್ನೂ ಅವನ ವಾಸನೆ ಇದೆ" ಎಂದಳು. ತೊಳೆಯದೆಯೂ ಚುಚ್ಚಬಹುದು, ಕೈ ಸ್ವಲ್ಪ ನೋಯುತ್ತದೆ ಅಷ್ಟೆ.

ದೋಣಿ ಚೆನ್ನಾಗಿಯೇ ಬಂತು. ಈ ಸಲ ಡಾಕ್ಟರೂ ಬೇಡ, ಪಾದ್ರಿಯೂ ಬೇಡ ಎಂದು ನಿನ್ನ ಭಾವ ಅಪ್ಪಣೆ ಕೊಟ್ಟರು. ಒಯ್ಯಲು ಬಂದ ಕೊಲೆಟ್ ಮಾತ್ರ ಚಿತ್ರದ ಕಡೆ ನೋಡಲೇ ಇಲ್ಲ. ಚೌಕಟ್ಟನ್ನು ಬೋರಲು ಹಾಕಿ, ಹಿಂದಿನ ಮೊಳೆಗಳನ್ನು ಬೆಣ್ಣೆ ಚಾಕುವಿನಿಂದ ಎಬ್ಬಿಸಿ, ಉಣ್ಣೆಗೆ ಮುಖ ಒತ್ತಿದಳು.

"ಸೋಪು" ಎಂದಳು.

ವಯಸ್ಸಾಯಿತು, ಕೈ ಅಭ್ಯಾಸ, ಬೇರೆ ಸ್ವೆಟರುಗಳ ಜೊತೆ ಸೇರಿಹೋಯಿತು, ಮರೆತೇಬಿಟ್ಟೆ ಎಂದೆಲ್ಲ ನಾನು ತೊದಲಿದೆ. ಅವಳು ಅಡುಗೆಮನೆಯ ನೆಲದ ಮೇಲೆ ಬಹಳ ಹೊತ್ತು ಕೂತಿದ್ದಳು. ಆಮೇಲೆ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಬಿಡಿ ಅತ್ತೆ. ನೀವೇನು ಬೇಕೂಂತ ಮಾಡಿದ್ರಾ?"

ಅಂದಿನಿಂದ ಪ್ರತಿ ಭಾನುವಾರ ಸೂಪು ತರುತ್ತಾಳೆ. ಒಲೆ ಆರಿಸಿದೆಯೇ ಎಂದು ನೋಡುತ್ತಾಳೆ. ನನ್ನ ಮಾತ್ರೆಗಳನ್ನು ವಾರದ ಡಬ್ಬಿಯಲ್ಲಿ ವಿಂಗಡಿಸಿಡುತ್ತಾಳೆ. ಮರೆವಿನ ಡಾಕ್ಟರ ಹತ್ತಿರ ಗುರುವಾರಕ್ಕೆ ನನ್ನ ಹೆಸರು ಬರೆಸಿದ್ದಾಳೆ. ತಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾಳಂತೆ. ಇಷ್ಟು ಒಳ್ಳೆಯ ಸೊಸೆ ಊರಲ್ಲೇ ಇಲ್ಲ ಎಂದು ನೆಲಮಾಳಿಗೆಯ ಹೆಂಗಸರೆಲ್ಲ ಹೇಳುತ್ತಾರೆ. ನಾನೂ ಹೌದೆನ್ನುತ್ತೇನೆ.

ನಿನ್ನನ್ನೂ ಮಕ್ಕಳನ್ನೂ ದೇವರು ತಣ್ಣಗಿಟ್ಟಿರಲಿ. ಹಿಮದ ಮೇಲೆ ಕೋಲಿಲ್ಲದೆ ನಡೆಯಬೇಡ.

ನಿನ್ನ ಅಕ್ಕ,
ಎವ್‌ಲಿನ್

ಮರೆತ ಮಾತು: ನಾನು ಮರೆತಿರಲಿಲ್ಲ, ಡೆಲ್ಫೀನ್. ಜನವರಿಯಲ್ಲಿ ಕೊಲೆಟ್ ಹೋದ ಮೇಲೆ ಚೀಲ ಬಿಚ್ಚಿದೆ. ಡೀಸೆಲ್ಲು, ಉಪ್ಪು, ಅದರ ಅಡಿಯಲ್ಲಿ ಅವನ ಕುತ್ತಿಗೆಯ ವಾಸನೆ, ತೊಟ್ಟಿಲಲ್ಲಿದ್ದಾಗಿನದೇ. ಎರಡು ವರ್ಷ ಇದನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದಳು. ಒಂದು ದಿನ, ಒಂದೇ ಒಂದು ದಿನ, ನನ್ನನ್ನು ಕರೆದು ಕೊಡಲಿಲ್ಲ. ಒಂದು ಗಂಟೆ ಅದರಲ್ಲಿ ಮುಖ ಹುದುಗಿಸಿ ಕೂತೆ. ಆಮೇಲೆ ಎದ್ದು ನೀರು ಕಾಯಿಸಿದೆ. ಗುರುವಾರ ಆ ಡಾಕ್ಟರು ಏನು ಕೇಳಿದರೂ ನಾನು ತಪ್ಪು ಉತ್ತರ ಕೊಡಬೇಕು.