ಗುಡ್ಡದೂರಿನ ಬೀಗಿತ್ತಿ

ಭಾಂಡುಪ್ ಪಶ್ಚಿಮ
ಜುಲೈ ೬, ೨೦೨೫, ಭಾನುವಾರ

ಪ್ರೀತಿಯ ಅಕ್ಕು,

ಹೇಗಿದ್ದೀ ಮಾರಾಯ್ತಿ? ಚೆನ್ನಯಣ್ಣನ ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಂತೋ, ಇಲ್ಲ ಈಗಲೂ ಕದ್ದು ಕದ್ದು ಜಿಲೇಬಿ ತಿನ್ನುತ್ತಾರೋ? ನಾನು ಫಿಲಿಪ್ಪೀನ್ಸಿನಿಂದ ಬಂದು ಐದು ವಾರವಾಯಿತು. ಬಂದವಳು ಒಂದು ಮಾತು ತಿಳಿಸಲಿಲ್ಲವೆಂದು ನೀನು ನಿನ್ನ ಮಗಳು ವಿನೋದಿನಿಯ ಹತ್ತಿರ ಬೈದದ್ದು ನನ್ನ ಕಿವಿಗೂ ಬಿದ್ದಿದೆ. ಬೈದದ್ದು ಸರಿಯೇ. ಆದರೆ ಏನು ಮಾಡಲಿ, ಫೋನಿನಲ್ಲಿ ಕಿರುಚಿದರೆ ಇಡೀ ಬಿಲ್ಡಿಂಗಿಗೆ ಕೇಳುತ್ತದೆ, ನಿನಗೆ ಮಾತ್ರ ಕೇಳುವುದಿಲ್ಲ. ಗೋರೆಗಾಂವಿಗೆ ಬರೋಣವೆಂದರೆ ದಾದರಿನಲ್ಲಿ ಲೋಕಲ್ ಬದಲಿಸಿ ಆ ಸೇತುವೆ ಹತ್ತಲು ನನ್ನ ಮೊಣಕಾಲು ಒಪ್ಪುತ್ತಿಲ್ಲ. ಅದಲ್ಲದೆ ಇದು ಕಿರುಚಿ ಹೇಳುವ ಸಂಗತಿಯೂ ಅಲ್ಲ. ಅದಕ್ಕೆ ಕೂತು ಬರೆಯುತ್ತಿದ್ದೇನೆ. ನಮ್ಮ ಬಿಲ್ಡಿಂಗಿನ ಅಮೋಲನ ಆಫೀಸು ನಿಮ್ಮ ಕಡೆಯೇ. ಪತ್ರವನ್ನೂ ಒಂದು ಕಟ್ಟನ್ನೂ ಅವನ ಕೈಯಲ್ಲಿ ಕಳಿಸುತ್ತೇನೆ. ಕಟ್ಟನ್ನು ಆಮೇಲೆ ಬಿಚ್ಚು. ಮೊದಲು ಇದನ್ನು ಓದು.

ನೀನು ಕೇಳುವ ಮೊದಲ ಪ್ರಶ್ನೆಗೆ ಮೊದಲೇ ಉತ್ತರ: ಮೊಮ್ಮಗಳು ಶ್ರಾವ್ಯಾಳನ್ನು ಕರೆದುಕೊಂಡು ಬರಲಿಲ್ಲ. ಒಬ್ಬಳೇ ಬಂದೆ.

ಹೋಗುವ ಮೊದಲು ನಾನು ಹೇಗೆ ಹಾರಾಡುತ್ತಿದ್ದೆ ಎಂದು ನೀನು ನೋಡಿದ್ದೀ. ಮಗ ಪ್ರೀತಮ್ ಹಡಗಿನ ಅಡುಗೆಮನೆಯಲ್ಲೇ ಎದೆ ಹಿಡಿದುಕೊಂಡು ಬಿದ್ದು ಎರಡು ವರ್ಷ. ಆಮೇಲೆ ನನಗೆ ಉಳಿದದ್ದು ಅವನ ಮಗಳೊಬ್ಬಳು. ಸೊಸೆ ಮರಿಸೆಲ್ ಮಾರ್ಚಿನಲ್ಲಿ ರಜೆಗೆಂದು ಮಗುವನ್ನು ತನ್ನೂರಿಗೆ ಕರೆದೊಯ್ದವಳು, ಅಲ್ಲಿಯ ಆರೋಗ್ಯ ಕೇಂದ್ರದಲ್ಲಿ ಕೆಲಸ ಸಿಕ್ಕಿದೆ, ಮಗುವನ್ನು ಅಲ್ಲೇ ಶಾಲೆಗೆ ಹಾಕುತ್ತೇನೆ ಎಂದು ಫೋನ್ ಮಾಡಿದಾಗ ನನ್ನ ಕೈಯಲ್ಲಿದ್ದ ದೋಸೆಹಿಟ್ಟಿನ ಪಾತ್ರೆ ಜಾರಿತು. ಬಿಲ್ಡಿಂಗಿನ ಹೆಂಗಸರೆಲ್ಲ ಬಂದು, “ಮಗನ ರಕ್ತ, ಬಿಡ್ಬೇಡಿ ವಾರಿಜಕ್ಕ, ಹೋಗಿ ಕರ್ಕೊಂಡು ಬನ್ನಿ” ಎಂದು ಗಾಳಿ ಹಾಕಿದರು. ಬೆಂಕಿ ನನ್ನದೇ ಇತ್ತು, ಅವರನ್ನು ದೂರಿ ಫಲವಿಲ್ಲ.

ಊರಿನ ಹೆಸರು ಡುಮಾಯಕ್. ಮನಿಲಾದಿಂದ ಬಾಗಿಯೋ ಎಂಬ ಪೇಟೆಯವರೆಗೆ ಬಸ್ಸು, ಅಲ್ಲಿಂದ ನಮ್ಮ ಟೆಂಪೋದಂಥ ಉದ್ದದ ಜೀಪಿನಲ್ಲಿ ಆರು ಗಂಟೆ. ಜೀಪಿನ ತಲೆಯ ಮೇಲೆ ಕೋಸಿನ ಮೂಟೆ, ಕೋಳಿಪಂಜರ, ಎರಡು ಹಂದಿಮರಿ. ರಸ್ತೆಯ ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ನಾನು ಕಣ್ಣು ಮುಚ್ಚಿಕೊಂಡು ಮನೆದೈವವನ್ನು ನೆನೆಯುತ್ತಿದ್ದರೆ ಪಕ್ಕದ ಮುದುಕಿ ನನ್ನ ಭುಜಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದಳು.

ಊರೆಂದರೆ ಗುಡ್ಡದ ಬೆನ್ನಿಗೆ ಅಂಟಿಕೊಂಡ ಹನ್ನೆರಡು ಹಳ್ಳಿಗಳು. ಎಲ್ಲ ಸೇರಿ ಒಂದು ಮುನ್ಸಿಪಾಲಿಟಿ. ಅದರ ಕಚೇರಿ ನಮ್ಮ ಸ್ಟೇಷನ್ ಪಕ್ಕದ ಮದುವೆಯ ಮಂಗಲ ಕಾರ್ಯಾಲಯಕ್ಕಿಂತ ಚಿಕ್ಕದು. ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ: ಇಷ್ಟು ಎತ್ತರ, ಇಷ್ಟು ಹಳ್ಳಿ, ಜನಸಂಖ್ಯೆ ೬,೨೧೪. ನಮ್ಮ ಕಾಲೊನಿಯಷ್ಟು ಜನವೂ ಇಲ್ಲ. ಆ ಲೆಕ್ಕದಲ್ಲಿ ನನ್ನ ಮೊಮ್ಮಗಳನ್ನು ಸೇರಿಸಿಬಿಟ್ಟಿದ್ದಾರೋ ಎಂದು ನಾನು ಅಲ್ಲೇ ನಿಂತು ದುರುಗುಟ್ಟಿ ನೋಡಿದೆ. ಮರಿಸೆಲ್‌ಗೆ ಅರ್ಥವಾಯಿತು. “ಅದು ಹಳೇ ಲೆಕ್ಕ, ಮಾಮಿ” ಎಂದಳು.

ಮೇಯರು ಬೆಳಿಗ್ಗೆ ಗದ್ದೆಯಲ್ಲಿ ಕಳೆ ಕಿತ್ತು, ಕೈಕಾಲು ತೊಳೆದುಕೊಂಡು ಕಚೇರಿಗೆ ಬರುತ್ತಾರೆ. ಸಂತೆ ಭಾನುವಾರ ಮಾತ್ರ. ಮಧ್ಯಾಹ್ನ ಎರಡಕ್ಕೆಲ್ಲ ಮಂಜು ಇಳಿದು ಎದುರು ಮನೆ ಕಾಣುವುದಿಲ್ಲ. ಗದ್ದೆಗಳಿಗೆ ಕಲ್ಲಿನ ಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಆಕಾಶದವರೆಗೆ ಹತ್ತಿಸಿದ್ದಾರೆ. ಒಂದು ಗೋಡೆ ಜರಿದರೆ ಮಾಲೀಕ ಕರೆಯುವ ಮೊದಲೇ ಅಕ್ಕಪಕ್ಕದವರು ಬಂದು ಕಲ್ಲು ಹೊರುತ್ತಾರೆ. ನಾಳೆ ಇವರ ಗೋಡೆಗೆ ಅವನು ಬರುತ್ತಾನೆ. ಅಕ್ಕಿ ಕೆಂಪು, ಅಕ್ಕು! ನಮ್ಮ ಕುಚ್ಚಲಕ್ಕಿಯಷ್ಟೇ ಕೆಂಪು. ಮೊದಲ ಊಟಕ್ಕೆ ನನ್ನ ಸಿಟ್ಟು ಅರ್ಧ ಇಳಿದದ್ದು ಆ ಅನ್ನ ನೋಡಿಯೇ. ಇಡೀ ಊರಿನಲ್ಲಿ ಒಂದು ಹೋಟೆಲಿಲ್ಲ. ಊರೂರಿಗೆ ಹೋಗಿ ಹೋಟೆಲು ಇಡುವ ನಮ್ಮವರು ಇನ್ನೂ ಕಾಲಿಡದ ಜಾಗ ಭೂಮಿಯ ಮೇಲಿದೆ ಎಂದು ಚೆನ್ನಯಣ್ಣನಿಗೆ ಹೇಳು, ನಂಬಲಿಕ್ಕಿಲ್ಲ.

ಈಗ ಮುಖ್ಯ ವಿಷಯ. ಮರಿಸೆಲ್‌ಳ ತಾಯಿಯ ಹೆಸರು ರೆಮಿ. ನನ್ನ ಪ್ರಾಯದವಳೇ, ನನಗಿಂತ ಗಿಡ್ಡ. ಮಗುವನ್ನು ಎಲ್ಲಿಯಾದರೂ ಅಡಗಿಸಿಟ್ಟಿರುತ್ತಾರೆ, ಶಾಲೆಗೆ ಹೋಗಿದ್ದಾಳೆ, ಯಾರದೋ ಮನೆಗೆ ಹೋಗಿದ್ದಾಳೆ ಎನ್ನುತ್ತಾರೆ ಎಂದು ನಾನು ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿಕೊಂಡಿದ್ದೆ. ಜೀಪು ನಿಂತಿತು. ಆಕೆ ರಸ್ತೆಯಲ್ಲೇ ಕಾಯುತ್ತಿದ್ದಳು. ನಮಸ್ಕಾರವಿಲ್ಲ, ನೀರು ಬೇಕಾ ಎಂದು ಕೇಳಲಿಲ್ಲ. ಶ್ರಾವ್ಯಾಳನ್ನು ಎರಡೂ ಕೈಯಿಂದ ಎತ್ತಿ, ನಾನು ಜೀಪಿನಿಂದ ಇಳಿಯುವುದಕ್ಕೂ ಮೊದಲು, ನನ್ನ ಮಡಿಲಲ್ಲಿ ಕೂರಿಸಿದಳು. ಏಳು ವರ್ಷದ ಮಗು, ಭಾರ ಬೇರೆ. ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ.

ಆದರೆ ನನ್ನ ಹಟ ನಿನಗೆ ಗೊತ್ತಲ್ಲ. ಮೂರನೇ ದಿನ ಒಲೆಯ ಮುಂದೆ ಕೂತು ವಾದ ತೆಗೆದೆ. ನಡುವೆ ಭಾಷಾಂತರಕ್ಕೆ ಯಾರು? ಮರಿಸೆಲ್! ತನ್ನ ವಿರುದ್ಧದ ವಾದವನ್ನು ತಾನೇ ಒಂದಕ್ಷರ ಬಿಡದೆ ತಾಯಿಗೆ ಹೇಳಬೇಕಾಯಿತು, ಪಾಪ. ನಾನು ಹೇಳಿದೆ: “ನಮ್ಮಲ್ಲಿ ಬರಿ ಅಂತ ಉಂಟು, ಗೋತ್ರದ ಹಾಗೆ. ಅದು ತಾಯಿಯಿಂದ ಮಕ್ಕಳಿಗೆ ಬರ್ತದೆ, ಅಪ್ಪನಿಂದ ಅಲ್ಲ. ಬರಿ ಇಲ್ಲದೆ ಮದುವೆ ಆಗುದಿಲ್ಲ. ನಿಮ್ಮ ಮಗಳಿಗೆ ಬರಿ ಇರ್ಲಿಲ್ಲ. ಅದಕ್ಕೆ ನನ್ನ ಗೆಳತಿ ಅಕ್ಕು ಅವಳನ್ನು ಮಗಳು ಅಂತ ತಕ್ಕೊಂಡು ತನ್ನ ಬರಿ ಕೊಟ್ಳು, ಅವಳೂ ಅವಳ ಗಂಡ ಚೆನ್ನಯಣ್ಣನೂ ನಿಂತು ಧಾರೆ ಎರೆದ್ರು. ಹಾಗಾದ್ರೆ ಮರಿಸೆಲ್‌ಳ ತವರು ಮುಂಬಯಿ. ಮಗು ತಾಯಿಯ ತವರಿಗೆ ಸೇರಿದ್ದು. ಹೌದಾ ಅಲ್ವಾ?”

ಎಂಥ ವಕೀಲೆ ನೋಡು ನಾನು! ಕಡಲು ದಾಟಿ ನಮ್ಮ ಬರಿಯನ್ನು ಹೊತ್ತುಕೊಂಡು ಹೋಗಿ, ಮಗಳನ್ನು ಹೆತ್ತವಳ ಮುಂದೆಯೇ ಹರಡಿದೆ.

ರೆಮಿ ಒಲೆಗೆ ಸೌದೆ ತಳ್ಳಿದಳು. ಆಮೇಲೆ ಏನೋ ಕೇಳಿದಳು. ಮರಿಸೆಲ್‌ಳ ಕಣ್ಣು ತುಂಬಿತು. “ಮಾಮಿ, ಅಮ್ಮ ಕೇಳ್ತಾರೆ, ಆ ಅಕ್ಕು ಅವರಿಗೆ ಚಳಿ ಆಗ್ತದಾ ಅಂತ. ಇಷ್ಟು ವರ್ಷ ನನಗೆ ಅಲ್ಲಿ ಒಬ್ರು ಅಮ್ಮ ಇದ್ರು ಅಂತ ಅವರಿಗೆ ಗೊತ್ತಿರ್ಲಿಲ್ಲ, ಏನೂ ಕಳಿಸ್ಲಿಲ್ಲ ಅಂತ ನಾಚಿಕೆ ಆಗ್ತದಂತೆ.” ರೆಮಿ ಎದ್ದು ಹೋಗಿ ಪೆಟ್ಟಿಗೆಯಿಂದ ತಾನೇ ನೇಯ್ದ ಕೆಂಪು ಕಪ್ಪು ಗೀರಿನ ಬಟ್ಟೆ ತಂದು ನನ್ನ ಕೈಗಿಟ್ಟಳು. ಕಟ್ಟಿನಲ್ಲಿರುವುದು ಅದೇ. ಮುಂಬಯಿಯಲ್ಲಿ ನಿನಗೆಲ್ಲಿಯ ಚಳಿ ಎಂದು ನಾನು ಹೇಳಲಿಲ್ಲ. ನನ್ನ ವಾದ ಅಲ್ಲಿಗೆ ಮುಗಿಯಿತು, ಆದರೆ ಆಸೆ ಮುಗಿಯಲಿಲ್ಲ.

ಮಗುವನ್ನು ನೋಡುತ್ತಾ ಇದ್ದೆ. ಅಪ್ಪ ಹೋದ ಮೇಲೆ ಇಲ್ಲಿ ಅವಳು ಹೇಗೆ ಮೂಲೆ ಹಿಡಿದಿದ್ದಳು, ನಿನಗೆ ನೆನಪಿರಬಹುದು. ಅವನ ಅಡುಗೆಯ ಬಿಳಿ ಟೋಪಿ ಇಲ್ಲದೆ ಮಲಗುತ್ತಿರಲಿಲ್ಲ. ಅಲ್ಲಿ ತೆನೆ ಬಂದ ಗದ್ದೆಯ ನಡುವೆ ಒಂದು ಚಿಕ್ಕ ಗುಡಿಸಲು, ಅದರಿಂದ ಹಗ್ಗ ಎಳೆದರೆ ದೂರದಲ್ಲಿ ಬಿದಿರು ಪಟಪಟ ಬಡಿದು ಹಕ್ಕಿಗಳು ಏಳುತ್ತವೆ. ಮಕ್ಕಳಿಗೆ ಅದೇ ಕೆಲಸ, ಅದೇ ಆಟ. ಇವಳು ಹಗ್ಗ ಎಳೆದು ಗುಡ್ಡ ಕೇಳುವ ಹಾಗೆ ನಗುತ್ತಿದ್ದಳು. ಜೊತೆಗಿದ್ದ ಮಕ್ಕಳಲ್ಲಿ ಒಬ್ಬನ ಅಪ್ಪ ಹಡಗಿನಲ್ಲಿ, ಒಬ್ಬಳ ಅಮ್ಮ ಹಾಂಗ್‌ಕಾಂಗಿನಲ್ಲಿ. ಅಪ್ಪ ಎಲ್ಲಿ ಎಂದು ಅಲ್ಲಿ ಯಾರೂ ಅವಳನ್ನು ಕೇಳುವುದಿಲ್ಲ. ಟೋಪಿ ಎಲ್ಲಿ ಎಂದು ನಾನೇ ಕೇಳಿದೆ. “ಬ್ಯಾಗ್ ಮೇ ಹೈ, ಅಜ್ಜಿ” ಎಂದು ಓಡಿಹೋದಳು.

ಹೊರಡುವ ದಿನ ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲಲ್ಲಿ ಎರಡು ಚೀಲ. ಒಂದು ನನ್ನದು. ಇನ್ನೊಂದು ಶ್ರಾವ್ಯಾಳದು, ಬಟ್ಟೆ ಮಡಚಿ, ಮೇಲೆ ಆ ಟೋಪಿ ಇಟ್ಟು, ದಾರಿಗೆ ಬೇಯಿಸಿದ ಗೆಣಸನ್ನೂ ಕಟ್ಟಿಟ್ಟು ಸಿದ್ಧ. ಕಟ್ಟಿದ್ದು ರೆಮಿ. ಮರಿಸೆಲ್ ಗೋಡೆಗೆ ಒರಗಿ ನಿಂತಿದ್ದಳು, ತುಟಿ ಕಚ್ಚಿಕೊಂಡು. ತಾಯಿ ಹೇಳಿದ್ದನ್ನು ನನಗೆ ಹೇಳಿದಳು: “ನಿಮ್ಮ ಮನೆಯ ಮಗ ಹೋಗಿದ್ದಾನೆ. ಖಾಲಿ ಕೈಯಲ್ಲಿ ಹೋಗಿ ಅಂತ ಹೇಳ್ಲಿಕ್ಕೆ ತನಗೆ ಬಾಯಿ ಇಲ್ಲ ಅಂತಾರೆ. ನೀವೇ ಹೇಳಿ, ಮಾಮಿ.”

ಜೀಪಿನವನು ಹಾರ್ನ್ ಹೊಡೆಯುತ್ತಿದ್ದ. ಶ್ರಾವ್ಯಾ ನನ್ನ ಸೆರಗು ಹಿಡಿದು, “ಅಜ್ಜಿ, ತುಮ್ ಇಧರೀಚ್ ರಹೋ ನಾ”, ನೀನೂ ಇಲ್ಲೇ ಇರು ಎಂದಳು. ಬಾ ಎಂದರೆ ಬರುತ್ತಿದ್ದಳು ಅಕ್ಕು, ಖಂಡಿತ ಬರುತ್ತಿದ್ದಳು. ನಾನು ಅವಳ ಚೀಲ ಎತ್ತಿದೆ. ಮರಿಸೆಲ್ ಕಣ್ಣು ಮುಚ್ಚಿದಳು. ಆ ಚೀಲವನ್ನು ಒಳಗೆ ಒಯ್ದು ಅವರ ಒಲೆಯ ಪಕ್ಕ ಇಟ್ಟು ಬಂದೆ. ಗೆಣಸು ಮಾತ್ರ ತೆಗೆದುಕೊಂಡೆ. ಬಾಗಿಯೋದವರೆಗೂ ಅತ್ತೆ, ಗೆಣಸನ್ನೂ ತಿಂದೆ.

ಡಿಸೆಂಬರಿನಲ್ಲಿ ತಾಯಿ ಮಗಳು ಇಲ್ಲಿಗೆ ಬರುತ್ತಾರೆ, ಹಾಗೆಂದು ಮಾತು. ಆಗ ತವರಿನವಳಾಗಿ ನೀನೇ ಅವರಿಗೆ ಊಟ ಹಾಕಬೇಕು, ತಪ್ಪಿಸಿಕೊಳ್ಳಬೇಡ. ಬಿಲ್ಡಿಂಗಿನಲ್ಲಿ ಕೇಳಿದವರಿಗೆ ಮಗು ರಜೆಯಲ್ಲಿದೆ ಎನ್ನುತ್ತಿದ್ದೆ. ನಿನ್ನೆಯಿಂದ ನಿಜ ಹೇಳಲು ಶುರು ಮಾಡಿದ್ದೇನೆ. ದೇವರು ನಿನ್ನ ಕಿವಿ ಇಷ್ಟಾದರೂ ಉಳಿಸಲಿ, ಚೆನ್ನಯಣ್ಣನ ಆಯಸ್ಸು ಗಟ್ಟಿಯಿರಲಿ, ವಿನೋದಿನಿಯ ಮಕ್ಕಳು ಚೆನ್ನಾಗಿ ಓದಲಿ.

ನಿನ್ನ
ವಾರಿಜಾ

ಮರೆತದ್ದು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನನ್ನ ಗಂಡ ತೀರಿಕೊಂಡು ಎರಡು ವರ್ಷದ ಮೇಲೆ ನನ್ನ ಅತ್ತೆ ಕಾರ್ಕಳದಿಂದ ಒಬ್ಬರೇ ಬಸ್ಸು ಹತ್ತಿ ನಮ್ಮ ಚಾಳಿಗೆ ಬಂದಿದ್ದರಲ್ಲ, ಮೊಮ್ಮಗನನ್ನು ಒಮ್ಮೆ ನೋಡಬೇಕೆಂದು. ಮಗು ತಾಯಿಯ ಬರಿಯದು, ನಿಮಗೆ ಹಕ್ಕಿಲ್ಲ ಎಂದೆ. ಅವನು ಶಾಲೆಯವರ ಜೊತೆ ಊರ ಹೊರಗೆ ಹೋಗಿದ್ದಾನೆ ಎಂದೂ ಹೇಳಿದೆ. ಪ್ರೀತಮ್ ಆಗ ಪಕ್ಕದ ನಿನ್ನ ಕೋಣೆಯಲ್ಲಿದ್ದ. ನೀನು ಚಿಲಕ ಹಾಕಿಕೊಂಡು ಅವನಿಗೆ ಸ್ಲೇಟು ಕೊಟ್ಟು ಕೂರಿಸಿದ್ದೆ. ನಾನೇ ಹೇಳಿದ್ದು, ನಿನ್ನ ತಪ್ಪಿಲ್ಲ. ಹತ್ತರಿಂದ ನಾಲ್ಕರವರೆಗೆ ಅವರು ಹೊಸ್ತಿಲಲ್ಲೇ ಕೂತಿದ್ದರು. ಹಲಸಿನ ಹಪ್ಪಳ ಮತ್ತು ತಾವೇ ಹೊಲಿದ ಒಂದು ಅಂಗಿ ಬಿಟ್ಟು ಹೋದರು. ಅವರು ಅವನನ್ನು ಕೊನೆಗೆ ನೋಡಿದಾಗ ಅವನಿಗೆ ನಾಲ್ಕು ವರ್ಷ. ಅಂಗಿ ಆ ಅಳತೆಯದೇ. ಆರು ವರ್ಷದವನಿಗೆ ತೋಳು ಏರಲಿಲ್ಲ.

ದೊಡ್ಡವನಾದ ಮೇಲೆ ಪ್ರೀತಮ್ ಒಮ್ಮೆ ಕೇಳಿದ್ದ, ಅಪ್ಪನ ಅಮ್ಮ ನನ್ನನ್ನು ನೋಡಲು ಬಂದಿದ್ದರಾ ಎಂದು. ಬರಲೇ ಇಲ್ಲ ಎಂದೆ. ಅದನ್ನೇ ನಂಬಿಕೊಂಡು ಹೋದ.

ಅಂಗಿ ನನ್ನ ಹತ್ತಿರವೇ ಇದೆ. ಮುಂದಿನ ಭಾನುವಾರ ಮರಿಸೆಲ್ ವಿಡಿಯೋ ಕಾಲ್ ಮಾಡುವಾಗ ಅದನ್ನು ಶ್ರಾವ್ಯಾಳಿಗೆ ತೋರಿಸಿ, ನಿನ್ನ ಪಪ್ಪನನ್ನು ನೋಡಲು ಅವನ ಅಜ್ಜಿ ಬಂದಿದ್ದರು ಎಂದು ಹೇಳಬೇಕು. ಒಬ್ಬಳಿಗೆ ಧೈರ್ಯ ಸಾಲದು. ವಿನೋದಿನಿಗೆ ಹೇಳಿ ಟ್ಯಾಕ್ಸಿ ಮಾಡಿಸಿಕೊಂಡು ಬಾ ಅಕ್ಕು, ನನ್ನ ಪಕ್ಕ ಕೂತಿರು. ಆ ದಿನವೂ ನೀನೇ ಇದ್ದೆಯಲ್ಲ.